ಹಾಜರಿಯಿಂದ ಜಿಪಿಎಸ್‌ವರೆಗೆ: ವಿಜಾಪುರ ಸೀಮೆಯ ಒಂದು ಚಾರಿತ್ರಿಕ ನೋಟ

ಜಾಮೀನು ಪಡೆದ ಆರೋಪಿಯ ಚಲನವಲನವನ್ನು ವಿದ್ಯುನ್ಮಾನ ಸಾಧನದಿಂದ ಗುರುತಿಸುವ ಪದ್ಧತಿ ಭಾರತಕ್ಕೆ ಹೊಸದು. ಆದರೆ ಮನುಷ್ಯನ ಇರವನ್ನು ಪ್ರಭುತ್ವವು ನಿರಂತರವಾಗಿ ದಾಖಲಿಸುವ ಹವ್ಯಾಸ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳನ್ನೊಳಗೊಂಡ ವಿಜಾಪುರ ಜಿಲ್ಲೆಯ ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಕಾಯಿದೆ ಅದನ್ನು ದೇಶವ್ಯಾಪಿಯಾಗಿಸಿತು. 1924ರಲ್ಲಿ ಅದು ಕ್ರೋಡೀಕರಣಗೊಂಡಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಛಪ್ಪರಬಂದ, ಗಂಟಿಚೋರ, ಹರಣಶಿಕಾರಿ ಸಮುದಾಯಗಳು ಅಧಿಕಾರಿಗಳ ಕಣ್ಣಿಗೆ ಬಿದ್ದವು. ಸುಮಾರು 1909-10ರಲ್ಲಿ ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಾಪುರದಲ್ಲಿ ವಸಾಹತು ಕಾರ್ಯವನ್ನು ಆರಂಭಿಸಿದನು. ಮುಂದೆ ಹುಬ್ಬಳ್ಳಿ, ಗದಗ ಮೊದಲಾದೆಡೆ ಇಂಥ ವಸಾಹತುಗಳು ಬೆಳೆದವು. ‘ಸೆಟ್ಲಮೆಂಟ್’ ಎಂಬ ಪದ ಆ ಊರುಗಳಲ್ಲಿ ಬಡಾವಣೆಯ ಹೆಸರಾಗಿ ಉಳಿದಿರುವುದು ಗಮನಾರ್ಹ.

ಕಾಯಿದೆಯ ಕ್ರಮ ಸರಳವಾಗಿತ್ತು. ಘೋಷಿತ ಸಮುದಾಯದವರ ಹೆಸರನ್ನು ಪಟ್ಟಿಗೆ ಸೇರಿಸಿ ಬೆರಳಚ್ಚು ಪಡೆಯಲಾಗುತ್ತಿತ್ತು. ನಿಗದಿತ ಕಾಲಕ್ಕೆ ಹಾಜರಿ ಹಾಕುವುದನ್ನೂ, ವಾಸಸ್ಥಳದ ಬದಲಾವಣೆ ಹಾಗೂ ಪರಸ್ಥಳ ಪ್ರಯಾಣವನ್ನು ಮೊದಲೇ ತಿಳಿಸುವುದನ್ನೂ ಅವರ ಮೇಲೆ ಹೇರಬಹುದಾಗಿತ್ತು. ತಪ್ಪಿದರೆ ಶಿಕ್ಷೆ. ಘೋಷಣೆಯ ಸಿಂಧುತ್ವವನ್ನು ನ್ಯಾಯಾಲಯ ಪ್ರಶ್ನಿಸುವಂತಿರಲಿಲ್ಲ. ಅಲೆಮಾರಿತನವೇ ಜೀವನೋಪಾಯವಾದ ಜನರಿಗೆ ತಿರುಗಾಟದ ನಿಷೇಧವು ಕಸುಬಿನ ನಿಷೇಧವೇ ಆಗಿತ್ತು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಗಿ ಈ ಸಮುದಾಯಗಳು ‘ವಿಮುಕ್ತ’ವೆನಿಸಿದವು. ಆದರೂ 1961ರ ಕರ್ನಾಟಕ ರೂಢಿಗತ ಅಪರಾಧಿಗಳ ಕಾಯಿದೆಯಂತಹ ಶಾಸನಗಳಲ್ಲಿ ಕಾವಲಿನ ಕಲ್ಪನೆ ಮುಂದುವರಿಯಿತು.

2023ರ ನವೆಂಬರಿನಲ್ಲಿ ಜಮ್ಮುವಿನ ವಿಶೇಷ ನ್ಯಾಯಾಲಯದ ಆದೇಶದಂತೆ ಜಾಮೀನು ಪಡೆದ ಆರೋಪಿಯ ಕಾಲಿಗೆ ಜಿಪಿಎಸ್ ಪಟ್ಟಿ ತೊಡಿಸಲಾಯಿತು. ಅದೇ ವರ್ಷದ ಮಾದರಿ ಕಾರಾಗೃಹ ಕಾಯಿದೆಯು ರಜೆಯ ಮೇಲೆ ಹೋಗುವ ಕೈದಿಗಳಿಗೂ ಇಂಥ ಸಾಧನವನ್ನು ಸೂಚಿಸಿತು. ಆದರೆ 2024ರ ಜುಲೈ 8ರಂದು ಫ್ರಾಂಕ್ ವಿಟಸ್ ಪ್ರಕರಣದಲ್ಲಿ, ಗೂಗಲ್ ನಕ್ಷೆಯ ಪಿನ್ ಹಂಚಿಕೊಳ್ಳಬೇಕೆಂಬ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆರೋಪಿಯ ಪ್ರತಿ ಚಲನೆಯನ್ನೂ ಹಿಂಬಾಲಿಸುವ ಷರತ್ತು ಸಂವಿಧಾನದ 21ನೆಯ ವಿಧಿಯ ಖಾಸಗಿತನದ ಹಕ್ಕಿಗೆ ವಿರುದ್ಧವೆಂದಿತು.

ಇವೆರಡೂ ಒಂದೇ ಎನ್ನಲಾಗದು. ಹಾಜರಿಯ ಹೊರೆ ಹುಟ್ಟಿನಿಂದ ಬಂದದ್ದು, ಇಡೀ ಸಮುದಾಯದ್ದು. ಜಾಮೀನಿನ ಷರತ್ತು ಒಬ್ಬ ಆರೋಪಿಗೆ ಸಂಬಂಧಿಸಿದ್ದು, ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು. ಆದರೆ ಅಪರಾಧ ಸಾಬೀತಾಗುವ ಮೊದಲೇ ಮನುಷ್ಯನನ್ನು ಕಾವಲಿನಲ್ಲಿಡುವುದು ಎರಡಕ್ಕೂ ಸಮಾನ. ಕಾವಲಿಗೆ ಅವಧಿ, ಕಾರಣ ಹಾಗೂ ಮೇಲ್ಮನವಿಯ ದಾರಿ ಇಲ್ಲದಿದ್ದರೆ ಅದು ಶಿಕ್ಷೆಯೇ ಆಗುತ್ತದೆಂಬುದು ವಿಜಾಪುರ ಸೀಮೆಯ ವಿಮುಕ್ತ ಸಮುದಾಯಗಳ ಚರಿತ್ರೆಯಿಂದ ದೊರೆಯುವ ತಿಳಿವಳಿಕೆ.