ಸವೆದ ಡಿಸ್ಕ್ ಮತ್ತೆ ಬೆಳೆಯುತ್ತದೆಯೇ? ಪ್ರಯೋಗಾಲಯದಲ್ಲಿ ಬೆಳೆಸಿದ ಡಿಸ್ಕ್‌ಗಳ ಬಗ್ಗೆ ತಿಳಿಯಬೇಕಾದದ್ದು

ಎಂ.ಆರ್.ಐ. ವರದಿಯಲ್ಲಿ 'ಡಿಸ್ಕ್ ಡಿಜೆನರೇಷನ್' ಎಂಬ ಪದ ಕಂಡು ಗಾಬರಿಯಾಗುವವರು ಬಹಳ ಮಂದಿ. ಅದೇ ಹೊತ್ತಿಗೆ 'ಆಪರೇಷನ್ ಇಲ್ಲದೆ ಹೊಸ ಡಿಸ್ಕ್' ಎಂಬ ಜಾಹೀರಾತು ಮೊಬೈಲಿನಲ್ಲಿ ಕಾಣಿಸಿದರೆ ಆಸೆಯೂ ಹುಟ್ಟುತ್ತದೆ. ಡಿಸ್ಕ್ ಅನ್ನು ಬೆಳೆಸುವ ವಿಜ್ಞಾನ ನಿಜಕ್ಕೂ ಇದೆ. ಆದರೆ ಅದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಡಿಸ್ಕ್ ಎಂದರೇನು?

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ ಒಟ್ಟು 23 ಡಿಸ್ಕ್‌ಗಳಿವೆ. ಪ್ರತಿ ಡಿಸ್ಕ್‌ನ ಮಧ್ಯದಲ್ಲಿ ಜೆಲ್ಲಿಯಂಥ ತಿರುಳು ಇರುತ್ತದೆ. ಅದರ ಸುತ್ತ ಈರುಳ್ಳಿಯ ಹಾಗೆ ಪದರ ಪದರವಾದ ಕೊಲಾಜೆನ್ ನಾರಿನ ಉಂಗುರವಿದೆ. ಒಂದು ಪದರದ ನಾರುಗಳು ಒಂದು ಕಡೆಗೆ ಓರೆಯಾಗಿದ್ದರೆ, ಮುಂದಿನ ಪದರದವು ಎದುರು ದಿಕ್ಕಿಗೆ ಓರೆಯಾಗಿರುತ್ತವೆ. ತಿರುಳು ನೀರನ್ನು ಹಿಡಿದಿಟ್ಟುಕೊಂಡು ಭಾರ ಹೊರುತ್ತದೆ. ಅದು ಹೊರಗೆ ಉಬ್ಬದಂತೆ ಉಂಗುರ ತಡೆಯುತ್ತದೆ. ದಿನವಿಡೀ ಭಾರ ಬಿದ್ದು ಡಿಸ್ಕ್‌ನಿಂದ ಸ್ವಲ್ಪ ನೀರು ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಮರಳಿ ಬರುತ್ತದೆ. ಸಂಜೆಗಿಂತ ಬೆಳಿಗ್ಗೆ ನಾವು ಸುಮಾರು 1ರಿಂದ 2 ಸೆಂ.ಮೀ. ಎತ್ತರವಾಗಿರುವುದು ಇದರಿಂದಲೇ.

ಜನ 'ಡಿಸ್ಕ್ ಜಾರಿದೆ' ಎನ್ನುತ್ತಾರೆ. ನಿಜವಾಗಿ ಡಿಸ್ಕ್ ಜಾಗ ಬಿಟ್ಟು ಜಾರುವುದಿಲ್ಲ. ಉಂಗುರ ಬಿರುಕು ಬಿಟ್ಟು ಒಳಗಿನ ತಿರುಳು ಹೊರಗೆ ಚಾಚಿಕೊಂಡು ನರವನ್ನು ಒತ್ತುತ್ತದೆ ಅಥವಾ ಕೆರಳಿಸುತ್ತದೆ.

ತಾನಾಗಿ ಏಕೆ ವಾಸಿಯಾಗುವುದಿಲ್ಲ?

ಕೈಯ ಗಾಯ ಮಾಯಲು ರಕ್ತ ಬೇಕು. ವಯಸ್ಕರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಮೇಲೂ ಕೆಳಗೂ ಇರುವ ಮೃದ್ವಸ್ಥಿಯ ತೆಳು ತಟ್ಟೆಗಳ ಮೂಲಕ ಆಮ್ಲಜನಕ ಮತ್ತು ಗ್ಲೂಕೋಸ್ ನಿಧಾನವಾಗಿ ಒಳಗೆ ಇಳಿಯಬೇಕು. ಹೀಗಾಗಿ ಅಲ್ಲಿ ಜೀವಕೋಶಗಳು ಕಡಿಮೆ, ಅವುಗಳ ದುರಸ್ತಿ ಶಕ್ತಿಯೂ ಕಡಿಮೆ.

ಇಂದಿನ ಶಸ್ತ್ರಚಿಕಿತ್ಸೆಗಳು ನರದ ಮೇಲಿನ ಒತ್ತಡ ತೆಗೆಯುತ್ತವೆ, ಎರಡು ಮಣಿಗಳನ್ನು ಬೆಸೆಯುತ್ತವೆ, ಇಲ್ಲವೇ ಲೋಹ ಮತ್ತು ಪ್ಲಾಸ್ಟಿಕ್‌ನ ಕೃತಕ ಡಿಸ್ಕ್ ಕೂರಿಸುತ್ತವೆ. ಬೆಸೆದರೆ ಆ ಜಾಗದ ಚಲನೆ ಹೋಗುತ್ತದೆ. ಲೋಹದ ಡಿಸ್ಕ್ ಚಲಿಸುತ್ತದೆಯಾದರೂ ಅದು ಜೀವಂತ ಅಂಗಾಂಶವಲ್ಲ. ಸವೆದರೆ ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಹಾಗಾದರೆ ಜೀವಂತ ಡಿಸ್ಕ್ ಅನ್ನೇ ಬೆಳೆಸಬಹುದೇ?

ಈವರೆಗಿನ ಪ್ರಯೋಗಗಳು

ಜೀವಂತ ಡಿಸ್ಕ್ ಮನುಷ್ಯನ ದೇಹದಲ್ಲಿ ಉಳಿಯಬಲ್ಲದು ಎಂಬ ಸುಳಿವು 2007ರಲ್ಲಿ ಸಿಕ್ಕಿತು. ಮೃತ ದಾನಿಗಳ ಡಿಸ್ಕ್‌ಗಳನ್ನು ಐವರು ರೋಗಿಗಳ ಕುತ್ತಿಗೆಗೆ ಕಸಿ ಮಾಡಿದ್ದ ಚೀನಾದ ವೈದ್ಯರು, ಕನಿಷ್ಠ 5 ವರ್ಷಗಳ ನಂತರದ ಫಲಿತಾಂಶವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದೇಹ ಕಸಿಯನ್ನು ತಿರಸ್ಕರಿಸಿದ ಲಕ್ಷಣ ಕಾಣಲಿಲ್ಲ, ಆದರೆ ಡಿಸ್ಕ್‌ಗಳಲ್ಲಿ ಸವೆತ ಕಂಡಿತು.

ದಾನಿಗಳನ್ನು ಕಾಯುವ ಬದಲು ಡಿಸ್ಕ್ ಅನ್ನು ಪ್ರಯೋಗಾಲಯದಲ್ಲೇ ಕಟ್ಟುವುದು ಅಂಗಾಂಶ ಎಂಜಿನಿಯರಿಂಗ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ಸ್ ಬೊನಸ್ಸಾರ್ ಮತ್ತು ರೋಜರ್ ಹಾರ್ಟ್ಲ್ ಅವರ ತಂಡ ಕುರಿಯ ಡಿಸ್ಕ್ ಕೋಶಗಳನ್ನು ಬಳಸಿತು. ತಿರುಳಿಗೆ ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಜೆಲ್, ಉಂಗುರಕ್ಕೆ ಕೊಲಾಜೆನ್. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಇಲಿಯ ಬಾಲದಲ್ಲಿಟ್ಟ ಡಿಸ್ಕ್‌ಗಳು 6 ತಿಂಗಳವರೆಗೂ ಎತ್ತರ ಉಳಿಸಿಕೊಂಡು ಅಕ್ಕಪಕ್ಕದ ಮೂಳೆಗೆ ಕೂಡಿಕೊಂಡವು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಮಾಕ್ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ಅತಿ ಸೂಕ್ಷ್ಮ ಪಾಲಿಮರ್ ನಾರುಗಳ ಪದರಗಳನ್ನು ಓರೆಯಾಗಿ ಸುತ್ತಿ ಉಂಗುರ, ಮಧ್ಯೆ ಜೆಲ್, ಮೇಲೂ ಕೆಳಗೂ ಮೂಳೆಗೆ ಹಿಡಿದುಕೊಳ್ಳಲು ರಂಧ್ರಗಳುಳ್ಳ ತಟ್ಟೆ. 2018ರಲ್ಲಿ ಈ ತಂಡ ಇಲಿಯ ಬಾಲದಲ್ಲಿ 20 ವಾರಗಳ ಫಲಿತಾಂಶವನ್ನೂ ಮೇಕೆಯ ಕುತ್ತಿಗೆಯಲ್ಲಿ ಮಾಡಿದ ಪ್ರಯೋಗವನ್ನೂ ವರದಿ ಮಾಡಿತು. ಮೇಕೆಯ ಕುತ್ತಿಗೆಯ ಡಿಸ್ಕ್ ಗಾತ್ರದಲ್ಲಿ ಮನುಷ್ಯನದಕ್ಕೆ ಹತ್ತಿರವಾದ್ದರಿಂದ ಇದು ಮುಖ್ಯ ಹೆಜ್ಜೆ.

ಉಳಿದಿರುವ ತೊಡಕುಗಳು

ಸೊಂಟದ ಡಿಸ್ಕ್ ಹೊರುವ ಭಾರ ಇಲಿಯ ಬಾಲಕ್ಕಿಲ್ಲ. ಡಿಸ್ಕ್ ದೊಡ್ಡದಾದಷ್ಟೂ ಅದರ ನಡುವಿನ ಕೋಶಗಳಿಗೆ ಆಹಾರ ತಲುಪುವುದು ಕಷ್ಟ. ಇಟ್ಟ ಡಿಸ್ಕ್ ಮೂಳೆಗೆ ಕೂಡಿಕೊಳ್ಳುವ ಮೊದಲೇ ಜರುಗಬಾರದು. ಜೊತೆಗೆ, ಹಳೆಯ ಡಿಸ್ಕ್ ಸವೆಯಲು ಕಾರಣವಾದ ವಾತಾವರಣದಲ್ಲೇ ಹೊಸದೂ ಬದುಕಬೇಕು. ಹೀಗಾಗಿ ಪ್ರಯೋಗಾಲಯದಲ್ಲಿ ಬೆಳೆಸಿದ ಇಡೀ ಡಿಸ್ಕ್ ಇನ್ನೂ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿಲ್ಲ.

ಜಾಹೀರಾತು ನಂಬುವ ಮುನ್ನ

ಭಾರತದಲ್ಲಿ ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತ ಸಂಬಂಧಿ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆ ಮಾದರಿಯ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಯಾರಾದರೂ ಡಿಸ್ಕ್ ಬೆಳೆಸುತ್ತೇವೆ ಎಂದರೆ, 'ಇದು ಸಿ.ಟಿ.ಆರ್.ಐ.ನಲ್ಲಿ ನೋಂದಾಯಿತ ಟ್ರಯಲ್ಲೇ? ನೋಂದಣಿ ಸಂಖ್ಯೆ ಏನು?' ಎಂದು ಕೇಳಿ. ಲಕ್ಷಗಟ್ಟಲೆ ಹಣ ಕೇಳಿ ನೋಂದಣಿ ಸಂಖ್ಯೆ ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಸಮಾಧಾನದ ಸಂಗತಿಯಿದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತವಿತ್ತು. 80ರ ವಯಸ್ಸಿನವರಲ್ಲಿ ಅದು ಶೇ. 96. ಅಂದರೆ ಸವೆತವೆಲ್ಲ ರೋಗವಲ್ಲ, ನಿಮ್ಮ ನೋವಿಗೆ ಅದೇ ಕಾರಣ ಎನ್ನಲೂ ಆಗದು. ಹೊರಚಾಚಿದ ತಿರುಳನ್ನು ಎಷ್ಟೋ ಬಾರಿ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ.

ಆದರೆ ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕುಂದುತ್ತಾ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.