ಅಡುಗೆಮನೆಯ ಚರಿತ್ರೆ ಮತ್ತು ಆಹಾರವಿವೇಕ

ಬ್ರಹ್ಮಾವರ ಸಮೀಪದ ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು; ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವೂ ಆಯಿತು. ಅಲ್ಲಿನ ಕತ್ತಲೆ ಬಸದಿಯನ್ನೂ ಕುಂದಾಪುರ ಬಳಿಯ ಹಟ್ಟಿಯಂಗಡಿಯ ಬಸದಿಯನ್ನೂ ದರ್ಶಿಸಿ ಬೈಂದೂರಿನತ್ತ ಸಾಗುವ ಶ್ರಾವಕ ಕುಟುಂಬಗಳಿಗೆ ಎದುರಾಗುವ ಪ್ರಶ್ನೆ ಒಂದೇ: ಎಲ್ಲಿ ಉಣ್ಣಬೇಕು? ಮೀನು-ಕೋಳಿಯ ಖಾದ್ಯಗಳಿಗೆ ಹೆಸರಾದ ಸೀಮೆಯಲ್ಲಿ ಇದು ಸಣ್ಣ ಚಿಂತೆಯಲ್ಲ.

ಉತ್ತರದ ದಾರಿಯನ್ನು ಈ ನೆಲದ ಚರಿತ್ರೆಯೇ ತೋರುತ್ತದೆ. ಬಾರಕೂರಿಗೆ ದೂರವಲ್ಲದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸಂಚರಿಸಿ, ಅಲ್ಲಿನ ಶುಚಿತ್ವದ ಕ್ರಮಗಳನ್ನು ತಮ್ಮಲ್ಲಿ ಜಾರಿಗೆ ತಂದರು. ಗಿರಾಕಿಗಳಿಗೆ ಅಡುಗೆಮನೆಯನ್ನು ತೆರೆದು ತೋರಿದ್ದು ಆ ಸಂಸ್ಥೆಯ ಹಿರಿಮೆ. ಉಣ್ಣುವವನಿಗೆ ಅರಿಯುವ ಹಕ್ಕಿದೆಯೆಂಬುದೇ ಅದರ ತಿರುಳು.

ಆದರೆ ಶುಚಿತ್ವವೊಂದೇ ಅಹಿಂಸೆಯಾಗದು. ‘ಶುದ್ಧ ಸಸ್ಯಾಹಾರಿ’ ಎಂಬ ಫಲಕದ ಹಿಂದೆಯೂ ಮಸಾಲೆದೋಸೆಯ ಪಲ್ಯಕ್ಕೆ ಆಲೂಗಡ್ಡೆ, ಈರುಳ್ಳಿ ಬೀಳುತ್ತವೆ; ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುಳಿಬರುತ್ತದೆ. ಕರಾವಳಿಯ ನೀರುದೋಸೆಯಾದರೋ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಹುಳಿಬರಿಸದೆ ಹುಯ್ಯುವಂಥದು. ಕಾಯಿ-ಬೆಲ್ಲದೊಡನೆ ಅದು ರುಚಿಗೂ ವ್ರತಕ್ಕೂ ಒಗ್ಗುತ್ತದೆ. ಇಂತಹ ತಿನಿಸನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇಕೆ?

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವುಂಟು. ಸೋಸಿದ ನೀರಿನಿಂದ ಮಾಡಿದ ಸರಳ ಊಟವನ್ನು ಸೂರ್ಯಾಸ್ತಕ್ಕೆ ಮೊದಲೇ ಯಾತ್ರಿಕರಿಗೆ ಒದಗಿಸಿದರೆ, ಶಿಲೆಯ ಜೀರ್ಣೋದ್ಧಾರದೊಡನೆ ಆಚಾರದ ಜೀರ್ಣೋದ್ಧಾರವೂ ಆದೀತು.