ರಿಕ್ವೆಸ್ಟ್ ಬಾಡಿ

ಬ್ರೌಸರಾಗಲಿ ಅನ್ಯ ಪ್ರೋಗ್ರಾಮಾಗಲಿ ವೆಬ್ ಸರ್ವರಿಗೆ ಕಳುಹಿಸುವ ಎಚ್‌ಟಿಟಿಪಿ ಕೋರಿಕೆಯಲ್ಲಿ, ಹೆಡರುಗಳು ಮುಗಿದು ಒಂದು ಖಾಲಿ ಸಾಲು ಕಳೆದ ತರುವಾಯ ಬರುವ ಬೈಟುಗಳ ಸಮುಚ್ಚಯಕ್ಕೆ ರಿಕ್ವೆಸ್ಟ್ ಬಾಡಿ ಎಂದು ಹೆಸರು. ಆ ಬೈಟುಗಳನ್ನು ಯಾವ ಅರ್ಥವಿವರಣೆಗೂ ಒಳಪಡಿಸದೆ, ಬಂದುದನ್ನು ಬಂದಂತೆಯೇ ಹಿಡಿದಿಟ್ಟರೆ ಅದು ರಾ ಬಾಡಿ ಎನಿಸುತ್ತದೆ. ಫ್ರೇಮ್‌ವರ್ಕುಗಳು ಇದನ್ನು ನಡೆಯಿಸಿಕೊಂಡು ಬಂದ ಬಗೆಯನ್ನು ನೋಡಿದರೆ, ಪ್ರೋಗ್ರಾಮರನ ಸೌಕರ್ಯಕ್ಕಾಗಿ ಮೂಲವನ್ನು ಮರೆಮಾಡಿ, ಅನಂತರ ಅದೇ ಮೂಲವನ್ನು ಅವನ ಕೈಗೆ ಮರಳಿ ಒಪ್ಪಿಸಬೇಕಾಗಿ ಬಂದ ಪ್ರಸಂಗಗಳೇ ಅದರಲ್ಲಿ ಪ್ರಧಾನವಾಗಿ ಕಾಣುತ್ತವೆ.

1991ರ ಮೂಲ ಎಚ್‌ಟಿಟಿಪಿಯಲ್ಲಿ ಕೋರಿಕೆಯೆಂದರೆ ಗೆಟ್ ಎಂಬ ಪದವೂ ವಿಳಾಸವೂ ಸೇರಿದ ಒಂದೇ ಸಾಲು; ಬಾಡಿಯೆಂಬುದಕ್ಕೆ ಅಲ್ಲಿ ಸ್ಥಾನವೇ ಇರಲಿಲ್ಲ. ಓದುಗನೂ ಫಾರಂ ತುಂಬಿ ಸರ್ವರಿಗೆ ಏನನ್ನಾದರೂ ಕಳುಹಿಸುವ ಪದ್ಧತಿ ರೂಢಿಗೆ ಬಂದಾಗ ಪೋಸ್ಟ್ ಎಂಬ ವಿಧಾನವು ನೆಲೆಗೊಂಡು, 1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0ರ ನಿರೂಪಣೆಯಲ್ಲಿ ಫಾರಂ ದತ್ತವನ್ನು ಸಂಕೇತಿಸುವ ಕ್ರಮವು ವಿಧಿಸಲ್ಪಟ್ಟಿತು. ಆ ಕ್ರಮದಲ್ಲಿ ಆಸ್ಕಿಗೆ ಹೊರತಾದ ಪ್ರತಿಯೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ಹಿಗ್ಗುತ್ತದೆ: ಯುಟಿಎಫ್-8ರಲ್ಲಿ 15 ಬೈಟುಗಳನ್ನು ಹಿಡಿಯುವ ‘ಕನ್ನಡ’ ಎಂಬ ಪದವು ಫಾರಮಿನ ಮೂಲಕ ಹೊರಟಾಗ 45 ಬೈಟುಗಳಾಗುತ್ತದೆ. ಚಿತ್ರಾದಿ ದೊಡ್ಡ ಫೈಲುಗಳಿಗೆ ಇಂಥ ಹಿಗ್ಗುವಿಕೆ ದುರ್ಭರವಾದುದರಿಂದ, ಅದೇ ತಿಂಗಳಲ್ಲಿ ಜೆರಾಕ್ಸ್ ಸಂಸ್ಥೆಯ ನೆಬೆಲ್ ಮತ್ತು ಮಸಿಂಟರ್ ಎಂಬುವರು, ಭಾಗಭಾಗವಾಗಿ ಗಡಿರೇಖೆಯಿಟ್ಟು ಫೈಲನ್ನು ಮೂಲರೂಪದಲ್ಲಿಯೇ ಸಾಗಿಸುವ ಮಲ್ಟಿಪಾರ್ಟ್ ಫಾರಂ ಡೇಟಾ ಪದ್ಧತಿಯನ್ನು ಆರ್‌ಎಫ್‌ಸಿ 1867ರಲ್ಲಿ ಮುಂದಿಟ್ಟರು.

ಎನ್‌ಸಿಎಸ್ಎ ಸಂಸ್ಥೆಯಲ್ಲಿ 1993ರಲ್ಲಿ, ಸರ್ವರು ಕೋರಿಕೆಯನ್ನು ಬೇರೊಂದು ಪ್ರೋಗ್ರಾಮಿಗೆ ಒಪ್ಪಿಸುವುದಕ್ಕೆಂದು ರೂಪುಗೊಂಡ ಸಿಜಿಐ ವ್ಯವಸ್ಥೆಯಲ್ಲಿ ರಾ ಬಾಡಿಯಲ್ಲದೆ ಬೇರೊಂದು ಬಾಡಿಯೇ ಇರಲಿಲ್ಲ. ಸರ್ವರು ಬೈಟುಗಳ ಸಂಖ್ಯೆಯನ್ನು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿ ತಿಳಿಸಿ, ಬೈಟುಗಳನ್ನು ಸ್ಟ್ಯಾಂಡರ್ಡ್ ಇನ್‌ಪುಟ್ಟಿನಲ್ಲಿ ಸುರಿಯುತ್ತಿದ್ದಿತು. ಅಷ್ಟನ್ನೇ ಓದಿ ನಿಲ್ಲುವುದು ಪ್ರೋಗ್ರಾಮಿನ ಕರ್ತವ್ಯವಾಗಿದ್ದಿತು. ಒಮ್ಮೆ ಓದಿದುದು ಹರಿದುಹೋದ ನೀರಿನಂತೆ ಮರಳಿ ದೊರೆಯುವುದಿಲ್ಲವೆಂಬ ಈ ಸ್ವಭಾವವು ಮುಂದಿನ ಹಲವು ವ್ಯವಸ್ಥೆಗಳಿಗೂ ಅಂಟಿಕೊಂಡು ಬಂದಿತು. ಜಾವಾದ ಸರ್ವ್‌ಲೆಟ್ಟಿನಲ್ಲಿ ಬಾಡಿಯನ್ನು ಬೈಟುಗಳಾಗಿಯೋ ಅಕ್ಷರಗಳಾಗಿಯೋ ಓದಬಹುದು, ಎರಡು ಬಗೆಯಲ್ಲಿಯೂ ಓದಲಾಗದು. 2003ರ ಡಿಸೆಂಬರಿನಲ್ಲಿ ಫಿಲಿಪ್ ಜೆ. ಈಬಿ ಬರೆದ ಪೈಥಾನಿನ ಡಬ್ಲ್ಯುಎಸ್‌ಜಿಐ ನಿಯಮಾವಳಿಯೂ ಬಾಡಿಯನ್ನು ಫೈಲಿನಂಥ ಒಂದು ವಸ್ತುವಾಗಿಯೇ ಪ್ರೋಗ್ರಾಮಿಗೆ ಒಪ್ಪಿಸುತ್ತದೆ.

ಪಿಎಚ್‌ಪಿಯ ಜನಪ್ರಿಯತೆಗೆ ಒಂದು ಮುಖ್ಯ ಕಾರಣವೆಂದರೆ, ಫಾರಮಿನ ಕ್ಷೇತ್ರಗಳನ್ನು ತಾನೇ ಬಿಡಿಸಿ ಅರೇಯಲ್ಲಿ ಇಟ್ಟುಕೊಡುತ್ತಿದ್ದ ಅದರ ಔದಾರ್ಯ. ಆದರೆ ಎಕ್ಸ್‌ಎಂಎಲ್, ತರುವಾಯ ಜೇಸನ್, ಬಾಡಿಯನ್ನು ತುಂಬತೊಡಗಿದಾಗ ಆ ಅರೇ ಬರಿದಾಗಿಯೇ ಉಳಿಯಿತು. ಮೂಲಬೈಟುಗಳಿಗಾಗಿ ಇದ್ದ ಎಚ್‌ಟಿಟಿಪಿ ರಾ ಪೋಸ್ಟ್ ಡೇಟಾ ಎಂಬ ಗ್ಲೋಬಲ್ ವೇರಿಯಬಲ್ಲು ಇಡೀ ಬಾಡಿಯನ್ನು ಮೆಮೊರಿಯಲ್ಲಿ ಹೊತ್ತು ನಿಲ್ಲುತ್ತಿದ್ದುದರಿಂದ 2014ರ 5.6ನೆಯ ಆವೃತ್ತಿಯಲ್ಲಿ ತ್ಯಾಜ್ಯವೆನಿಸಿ, 2015ರ 7.0ರಲ್ಲಿ ಕಣ್ಮರೆಯಾಯಿತು, ಪಿಎಚ್‌ಪಿ ಇನ್‌ಪುಟ್ ಎಂಬ ಸ್ಟ್ರೀಮು ಉಳಿಯಿತು. ಜಾಂಗೋ ಫ್ರೇಮ್‌ವರ್ಕು 2012ರ ಮಾರ್ಚಿನಲ್ಲಿ ತನ್ನ ರಾ ಪೋಸ್ಟ್ ಡೇಟಾ ಎಂಬ ಗುಣಕ್ಕೆ ಬಾಡಿ ಎಂದು ಮರುನಾಮಕರಣ ಮಾಡಿತು. ಪುಟ್ ಮುಂತಾದ ವಿಧಾನಗಳೂ ಬಾಡಿಯನ್ನು ತರುತ್ತಿದ್ದ ಕಾಲಕ್ಕೆ ಅದು ಉಚಿತವಾದ ಹೆಸರೇ.

ಕಳುಹಿಸಿದವನನ್ನು ನಂಬಬಾರದೆಂಬ ಪಾಠವನ್ನು 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮಾವೇಶವೊಂದು ತೀಕ್ಷ್ಣವಾಗಿ ಕಲಿಸಿತು: ಒಂದೇ ಹ್ಯಾಶ್ ಮೌಲ್ಯಕ್ಕೆ ಬೀಳುವ ಸಾವಿರಾರು ಹೆಸರುಗಳನ್ನು ಫಾರಮಿನಲ್ಲಿ ತುಂಬಿ ಕಳುಹಿಸಿದರೆ ಸರ್ವರು ನಿಶ್ಚೇಷ್ಟಿತವಾಗುವುದನ್ನು ಅಲ್ಲಿ ತೋರಿಸಲಾಯಿತು. ಪಿಎಚ್‌ಪಿ ಕೂಡಲೇ ಕ್ಷೇತ್ರಗಳಿಗೆ 1000ದ ಮಿತಿಯನ್ನು ವಿಧಿಸಿತು. ಜಾಂಗೋ 2016ರಲ್ಲಿ, ಫೈಲುಗಳನ್ನುಳಿದು, ಬಾಡಿಗೆ 2.5 ಮೆಗಾಬೈಟಿನ ಮಿತಿಯನ್ನಿಟ್ಟಿತು. ಎಕ್ಸ್‌ಪ್ರೆಸ್ ಎಂಬ ಫ್ರೇಮ್‌ವರ್ಕಿನ ಜೇಸನ್ ಪಾರ್ಸರಿನ ಸಹಜ ಮಿತಿ 100 ಕಿಲೋಬೈಟು.

ರಾ ಬಾಡಿಯ ಮಹತ್ತ್ವವು ಪೂರ್ಣವಾಗಿ ಪ್ರಕಟವಾದುದು, ಒಂದು ಸೇವೆಯು ತನ್ನಲ್ಲಿ ನಡೆದುದನ್ನು ಇನ್ನೊಂದು ಸರ್ವರಿಗೆ ತಾನಾಗಿ ಕೋರಿಕೆ ಕಳುಹಿಸಿ ತಿಳಿಸುವ ವೆಬ್‌ಹುಕ್ಕುಗಳ ಕಾಲದಲ್ಲಿ. ಗಿಟ್‌ಹಬ್ಬಾಗಲಿ, ಬೆಂಗಳೂರಿನ ರೇಜರ್‌ಪೇಯಾಗಲಿ ಸುದ್ದಿಯನ್ನು ಕಳುಹಿಸುವಾಗ, ಬಾಡಿಯ ಬೈಟುಗಳ ಮೇಲೆ ಗುಟ್ಟಿನ ಕೀಲಿಯಿಂದ ಎಚ್‌ಮ್ಯಾಕ್ ಗಣನೆ ಮಾಡಿ ಆ ಸಹಿಯನ್ನು ಹೆಡರಿನಲ್ಲಿ ಇಡುತ್ತವೆ. ಪಡೆದವನು ಅದೇ ಬೈಟುಗಳ ಮೇಲೆ ಅದೇ ಗಣನೆಯನ್ನು ಮಾಡಿ ತಾಳೆ ನೋಡಬೇಕು. ಫ್ರೇಮ್‌ವರ್ಕು ಜೇಸನ್ನನ್ನು ಮೊದಲೇ ಪಾರ್ಸ್ ಮಾಡಿದ್ದು, ಪ್ರೋಗ್ರಾಮರನು ಅದನ್ನು ಪೈಥಾನಿನಲ್ಲಿ ಪುನಃ ಜೇಸನ್ ಮಾಡಿ ಸಹಿಯನ್ನು ಪರೀಕ್ಷಿಸಹೊರಟನೆನ್ನಿ: ಮೂಲದಲ್ಲಿ 15 ಬೈಟುಗಳಾಗಿದ್ದ ‘ಕನ್ನಡ’ವು ಅಲ್ಲಿನ ಸಹಜ ಕ್ರಮದಂತೆ ಯುನಿಕೋಡ್ ಸಂಖ್ಯೆಗಳ ರೂಪದಲ್ಲಿ 30 ಬೈಟುಗಳಾಗುತ್ತದೆ, ಅಲ್ಪವಿರಾಮಗಳ ಮುಂದೆ ಇಲ್ಲದ ಖಾಲಿ ಜಾಗಗಳು ಹುಟ್ಟುತ್ತವೆ. ಅರ್ಥವು ಕಿಂಚಿತ್ತೂ ಕೆಡದಿದ್ದರೂ ಸಹಿಯು ತಾಳೆಯಾಗುವುದಿಲ್ಲ. ದೋಷವು ಕೀಲಿಯಲ್ಲಿದೆಯೆಂದು ಭ್ರಮಿಸಿ ಎಷ್ಟೋ ಹೊತ್ತು ವ್ಯರ್ಥವಾಗುವುದು ಈ ವೃತ್ತಿಯಲ್ಲಿ ನಿತ್ಯಾನುಭವ. ಎಕ್ಸ್‌ಪ್ರೆಸ್‌ನ ಪಾರ್ಸರು ತಾನು ಬಿಡಿಸುವ ಮುನ್ನ ಮೂಲಬೈಟುಗಳನ್ನು ಪ್ರೋಗ್ರಾಮಿಗೆ ತೋರಿಸುವ ವೆರಿಫೈ ಎಂಬ ಸೌಲಭ್ಯವನ್ನಿಟ್ಟಿರುವುದು ಬಹು ಉಪಯುಕ್ತವಾದುದು.

ಒಮ್ಮೆ ಓದಿದುದು ಮರಳಿ ದೊರೆಯದೆಂಬ ಆ ಸ್ವಭಾವಕ್ಕೆ ಅಪವಾದವೆಂಬಂತೆ, ಸರ್ವರನ್ನೂ ಪ್ರೋಗ್ರಾಮನ್ನೂ ಜೋಡಿಸುವ ರೂಬಿ ಭಾಷೆಯ ರ‍್ಯಾಕ್ ಮಾತ್ರ ಬಾಡಿಯನ್ನು ಆದಿಗೆ ಮರಳಿಸಿ ಪುನಃ ಓದಬಲ್ಲಂತೆ ಇರಿಸುವುದನ್ನು ಸರ್ವರುಗಳಿಗೆ ಬಹುಕಾಲ ಕಡ್ಡಾಯ ಮಾಡಿದ್ದಿತು. ಅದಕ್ಕಾಗಿ ಪ್ರತಿಯೊಂದು ಬಾಡಿಯನ್ನೂ ಎಲ್ಲಿಯಾದರೂ ಕೂಡಿಡಬೇಕಾಗುತ್ತಿದ್ದುದರಿಂದ, 2022ರ ಮೂರನೆಯ ಆವೃತ್ತಿಯಲ್ಲಿ ಆ ನಿಯಮವನ್ನು ಕೈಬಿಟ್ಟು, ಮರುಓದು ಬೇಕಾದವರಿಗೆಂದು ಪ್ರತ್ಯೇಕವಾದ ಮಿಡಲ್‌ವೇರೊಂದನ್ನು ಒದಗಿಸಲಾಯಿತು.